ಎಂಜಿನ್ ಇಳಿಸುವ ಮುನ್ನ: ಧಾರವಾಡದ ಹಳೆಯ ಕಾರೊಂದರ ಆಯಿಲ್ ಖರ್ಚಿನ ಪ್ರಕರಣ

ಧಾರವಾಡದ ಸಪ್ತಾಪುರದಲ್ಲಿರುವ ನಮ್ಮ ಕಾಕಾ ಅವರ ಕಾರು 2006ರಲ್ಲಿ ಕೆಎ-25 ಸಂಖ್ಯೆಯಲ್ಲಿ ನೋಂದಣಿಯಾದದ್ದು. ಮೂರು ಸಿಲಿಂಡರುಗಳ 796 ಸಿಸಿ ಪೆಟ್ರೋಲ್ ಎಂಜಿನ್; ಮೀಟರು 1,18,000 ಕಿಲೋಮೀಟರ್ ದಾಟಿದೆ. ಹದಿನೈದು ವರ್ಷ ತುಂಬಿದಾಗ ಆರ್‌ಟಿಒ ಕಚೇರಿಯಲ್ಲಿ ತಪಾಸಣೆ ಮಾಡಿಸಿ ನೋಂದಣಿಯನ್ನು ಐದು ವರ್ಷಕ್ಕೆ ನವೀಕರಿಸಿಕೊಂಡಿದ್ದರು. ಒಂದು ಮಳೆಗಾಲದ ಕೊನೆಗೆ ಗದಗಿಗೆ ಹೋಗಿ ಮರಳುವಾಗ, ತಿರುವಿನಲ್ಲಿ ಕೆಂಪು ಆಯಿಲ್ ದೀಪ ಕ್ಷಣಮಾತ್ರ ಹೊತ್ತಿ ಆರಿತು. ಮನೆಗೆ ಬಂದು ಆಯಿಲ್ ಮಟ್ಟ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ತುದಿಗೆ ಮಾತ್ರ ಹತ್ತಿತ್ತು. ಮರುದಿನ ಗ್ಯಾರೇಜಿನವರು ಸೈಲೆನ್ಸರಿನ ಬಾಯಿಗೆ ಬೆರಳಾಡಿಸಿ, ಹತ್ತಿದ ಮಸಿಯನ್ನು ತೋರಿಸಿ, "ರಿಂಗ್ ಹೋಗ್ಯಾವ್ರೀ, ಎಂಜಿನ್ ಇಳಸಿ ಬೋರ್ ಮಾಡಸಬೇಕಾಗತೈತಿ" ಎಂದು ಹೇಳಿದರು. ಸಿಲಿಂಡರುಗಳನ್ನು ಕೊರೆಸಿ ಹೊಸ ರಿಂಗ್ ಹಾಕಿಸುವ ಆ ಕೆಲಸಕ್ಕೆ ತಗಲುವುದೆಂದು ಹೇಳಿದ ಮೊತ್ತ ಆ ಕಾರನ್ನು ಇಂದು ಮಾರಿದರೆ ಬರುವ ಹಣದ ಅರ್ಧವನ್ನು ಮೀರುತ್ತಿತ್ತು. ಎರಡನೆಯ ನವೀಕರಣ ಸಮೀಪಿಸುತ್ತಿರುವ ಗಾಡಿಗೆ ಅಷ್ಟು ಹಣ ಹಾಕುವುದೋ, ಗುಜರಿಗೆ ಕೊಡುವುದೋ ಎಂಬ ಚಿಂತೆಯಲ್ಲಿದ್ದ ಕಾಕಾ ನನ್ನನ್ನು ಕರೆಸಿದರು.

ಎಂಜಿನಿನಿಂದ ಆಯಿಲ್ ಕಡಿಮೆಯಾಗಲು ಹಲವು ದಾರಿಗಳಿವೆ. ಗ್ಯಾಸ್ಕೆಟ್ ಮತ್ತು ಸೀಲುಗಳ ಸಂದಿಯಿಂದ ಹೊರಗೆ ಸೋರಬಹುದು. ಎಂಜಿನಿನ ಕೆಳಭಾಗವಾದ ಕ್ರ್ಯಾಂಕ್‌ಕೇಸಿನ ಗಾಳಿ ಹೊರಹೋಗುವ ಪಿಸಿವಿ ವಾಲ್ವಿನ ಮೂಲಕ, ಸಿಲಿಂಡರಿಗೆ ಗಾಳಿ ಹೋಗುವ ದಾರಿಯಾದ ಇನ್‌ಟೇಕಿಗೆ ಎಳೆಯಲ್ಪಡಬಹುದು. ವಾಲ್ವುಗಳ ಕಾಂಡದ ಸುತ್ತಲಿನ ರಬ್ಬರ್ ಸೀಲುಗಳು, ಅಂದರೆ ವಾಲ್ವ್ ಸ್ಟೆಮ್ ಸೀಲುಗಳು, ಗಟ್ಟಿಯಾಗಿ, ಮೇಲಿನಿಂದ ಸಿಲಿಂಡರಿಗೆ ಇಳಿಯಬಹುದು. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಿನ ಸಂದಿ ಮುಚ್ಚುವ ಪಿಸ್ಟನ್ ರಿಂಗುಗಳು ಸವೆದು ಕೆಳಗಿನಿಂದ ಮೇಲೇರಬಹುದು. ಕೊನೆಯದೊಂದಕ್ಕೆ ಮಾತ್ರ ಎಂಜಿನ್ ಇಳಿಸಲೇಬೇಕು. ಮಸಿಯೊಂದನ್ನೇ ನೋಡಿ ಇವುಗಳಲ್ಲಿ ಯಾವುದೆಂದು ಹೇಳಲು ಬರುವುದಿಲ್ಲ. ಊರೊಳಗೆ ಸಣ್ಣ ಓಡಾಟ ಮಾಡುವ ಯಾವುದೇ ಪೆಟ್ರೋಲ್ ಗಾಡಿಯ ಸೈಲೆನ್ಸರಿನಲ್ಲಿ ಒಣ ಕಪ್ಪು ಮಸಿ ಇದ್ದೇ ಇರುತ್ತದೆ. ಗ್ಯಾರೇಜಿನವರು ಮೋಸ ಮಾಡಿದರೆಂದು ನಾನು ಹೇಳಲಾರೆ. ಒಂದು ಗಾಡಿಯ ಹಿಂದೆ ಸಾವಿರ ಕಿಲೋಮೀಟರ್ ನಿಂತು ಅಳೆಯುವ ಪುರುಸೊತ್ತು ಅವರಿಗಿಲ್ಲ, ಬಿಚ್ಚಿ ಹೊಸದು ಹಾಕಿದರೆ ದೂರು ಮರಳಿ ಬರುವುದಿಲ್ಲವೆಂಬುದು ಅವರ ಅನುಭವ. ಆ ಪುರುಸೊತ್ತು ಇರುವುದು ಮಾಲೀಕನಿಗೆ, ಆದ್ದರಿಂದ ಅಳತೆಯ ಕೆಲಸವೂ ಅವನದೇ ಆಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಳತೆ

ಕಾಕಾ ಅವರ ಮೊದಲ ಪ್ರಶ್ನೆ ನ್ಯಾಯವಾದದ್ದಾಗಿತ್ತು: "ಗದಗಿಗೆ ಹೋಗೂತನಾ ಆಯಿಲ್ ಬರೋಬರಿ ಇತ್ತಪಾ, ಒಂದ ದಿನದಾಗ ಎಲ್ಲಿ ಹೋತು?" ಆಯಿಲ್ ಒಂದೇ ದಿನದಲ್ಲಿ ಹೋದದ್ದಲ್ಲ. ಮಳೆಗಾಲವಿಡೀ ಕಾರು ಸಪ್ತಾಪುರದಿಂದ ಸೂಪರ್ ಮಾರ್ಕೆಟ್, ಅಲ್ಲಿಂದ ಮನೆ, ಇಷ್ಟರಲ್ಲೇ ಓಡಾಡಿತ್ತು. ಇಂಥ ಓಡಾಟದಲ್ಲಿ ಎಂಜಿನ್ ಪೂರ್ತಿ ಕಾಯುವುದಿಲ್ಲ. ಉರಿಯದೆ ಉಳಿದ ಪೆಟ್ರೋಲ್ ಮತ್ತು ನೀರಿನ ಆವಿ ಎಂಜಿನಿನ ತಳದ ಆಯಿಲ್ ತೊಟ್ಟಿಯಾದ ಸಂಪಿನಲ್ಲಿ ಆಯಿಲ್ ಜೊತೆ ಸೇರುತ್ತವೆ, ಅಸಲಿ ಆಯಿಲ್ ಕಡಿಮೆಯಾಗುತ್ತಿದ್ದರೂ ಮಟ್ಟ ಕೆಳಗಿಳಿದಂತೆ ಕಾಣುವುದಿಲ್ಲ. ಅಣ್ಣಿಗೇರಿಯ ದಾರಿಯಲ್ಲಿ ಬಹಳ ಹೊತ್ತು ಕಾದು ಓಡಿದಾಗ ಆ ಬೆರಕೆಯೆಲ್ಲ ಆವಿಯಾಗಿ, ಅಷ್ಟು ದಿನಗಳ ಕೊರತೆ ಒಮ್ಮೆಲೇ ಬಯಲಾಯಿತು. ಈ ಕಾರಣಕ್ಕೆ ಹಳೆಯ ಎಂಜಿನಿನ ಆಯಿಲ್ ಖರ್ಚನ್ನು ಅಳೆಯುವವರು ಪ್ರತಿ ಸಲವೂ ಒಂದು ದೀರ್ಘ ಓಟದ ನಂತರ, ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಚಾಲೂ ಮಾಡುವ ಮುನ್ನ ಅಳೆಯುವುದು ಅಗತ್ಯ.

ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಬದಲಿಸಿದೆವು. ಮಾಲೀಕರ ಕೈಪಿಡಿ ಒಪ್ಪುವ 20ಡಬ್ಲ್ಯೂ-40 ಎಂಬ ಮಂದತೆಯ ದರ್ಜೆಯನ್ನೇ ಹಾಕಿದೆವು. ಆಯಿಲ್ ತಿನ್ನುವ ಗಾಡಿಗೆ ಇನ್ನೂ ಮಂದವಾದದ್ದನ್ನು ಹಾಕಿ ನೋಡುವ ರೂಢಿ ನಮ್ಮಲ್ಲಿದೆ. ಖರ್ಚು ಅದರಿಂದ ಸ್ವಲ್ಪ ತಗ್ಗುವುದೂ ನಿಜ, ಆದರೆ ಪರೀಕ್ಷೆಯ ಮೊದಲೇ ಹಾಗೆ ಮಾಡಿದರೆ ತಿಳಿಯಬೇಕಾದ ವಿಷಯವೇ ಮುಚ್ಚಿಹೋಗುತ್ತದೆ. ಹೊಸ ಆಯಿಲನ್ನು ಡಿಪ್‌ಸ್ಟಿಕ್ಕಿನ ಕೆಳಗುರುತಿನವರೆಗೆ ತುಂಬಿ, ಫಿಲ್ಟರ್ ತುಂಬಿಕೊಳ್ಳಲೆಂದು ಎಂಜಿನನ್ನು ಕೆಲ ನಿಮಿಷ ಓಡಿಸಿ, ಆರಲು ಬಿಟ್ಟು, ಕಡಿಮೆಯಾದದ್ದನ್ನು ಮತ್ತೆ ಸರಿಪಡಿಸಿದೆವು. ಅಲ್ಲಿಂದ ಮುಂದೆ ಅಳತೆಯ ಲೋಟದಿಂದ 100 ಮಿಲಿಲೀಟರಿನಷ್ಟು ಸುರಿಯುವುದು, ಅದು ಕೆಳಗಿಳಿಯುವವರೆಗೆ ಕಾಯುವುದು, ಕಡ್ಡಿಯನ್ನು ಹಳೆಯ ಧೋತರದ ತುಂಡಿನಿಂದ ಒರೆಸಿ ಮತ್ತೆ ಇಳಿಸಿ ತೆಗೆದು ಸ್ಕೇಲ್ ಹಿಡಿದು ಬರೆದುಕೊಳ್ಳುವುದು; ಹೀಗೆ ಮೇಲಿನ ಗುರುತಿನವರೆಗೆ ಹೋದೆವು. ಈ ಕಾರಿನಲ್ಲಿ ಎರಡು ಗುರುತುಗಳ ನಡುವೆ ಹಿಡಿದದ್ದು ಒಂದು ಲೀಟರಿಗಿಂತ ಸ್ವಲ್ಪ ಕಡಿಮೆ. ಈ ಪ್ರಮಾಣ ಗಾಡಿಯಿಂದ ಗಾಡಿಗೆ ಬೇರೆಯಾಗುವುದರಿಂದ, "ಅರ್ಧ ಕಡ್ಡಿ ಕಡಿಮೆಯಾಯಿತು" ಎಂಬ ಮಾತಿಗೆ ಅರ್ಥ ಬರಬೇಕಾದರೆ ಇಷ್ಟು ಶ್ರಮ ಪಡಲೇಬೇಕು. ನೆಲ ಓರೆಯಾಗಿದ್ದರೂ ಅಳತೆ ಕೆಡುತ್ತದೆ. ಅಂಗಳದ ಶಹಾಬಾದ್ ಫರಶಿಯ ಮೇಲೆ ನಾಲ್ಕೂ ಗಾಲಿಗಳ ಜಾಗಕ್ಕೆ ಬಣ್ಣದ ಗೆರೆ ಹಾಕಿ, ಪ್ರತಿ ಸಲ ಅಲ್ಲಿಯೇ ನಿಲ್ಲಿಸಿದೆವು.

ಮೊದಲ 1000 ಕಿಲೋಮೀಟರಿನ ಕೊನೆಗೆ ಮೇಲಿನ ಗುರುತಿಗೆ ತರಲು 560 ಮಿಲಿಲೀಟರ್ ಬೇಕಾಯಿತು. ಕಾರು ಲೀಟರಿಗೆ ಸುಮಾರು 16 ಕಿಲೋಮೀಟರ್ ಕೊಡುತ್ತದೆ, ಅಂದರೆ ಉರಿದ ಪೆಟ್ರೋಲಿನ ಶೇಕಡಾ 0.9ರಷ್ಟು ಆಯಿಲ್. ಸಾವಿರ ಕಿಲೋಮೀಟರಿಗೆ ಒಂದು ಲೀಟರಿನವರೆಗೆ ಸಹಜವೆಂದು ಕೈಪಿಡಿಯಲ್ಲಿ ಬರೆಯುವ ತಯಾರಕರೂ ಇದ್ದಾರೆ, ಆದರೆ ಅದು ದೊಡ್ಡ ಸಂಪಿನ ಎಂಜಿನುಗಳಿಗೆ ಹೊಂದುವ ಮಾತು. ಮೂರು ಲೀಟರಿನಷ್ಟೂ ಆಯಿಲ್ ಹಿಡಿಯದ ಈ ಎಂಜಿನಿಗೆ 560 ಮಿಲಿಲೀಟರ್ ಕಾರಣ ಹುಡುಕಲೇಬೇಕಾದ ಪ್ರಮಾಣ.

ಹೊರಗಿನ ಸೋರಿಕೆ ಮತ್ತು ಪಿಸಿವಿ

ಎಂಜಿನಿನ ಮೈಯನ್ನು ಸೀಮೆಎಣ್ಣೆ ಮತ್ತು ಬ್ರಷ್‌ನಿಂದ ತೊಳೆದು, ಪೂರ್ತಿ ಒಣಗಿದ ಮೇಲೆ ಕಾರನ್ನು ಓಡಿಸಿ, ರಾತ್ರಿ ಕೆಳಗೆ ರಟ್ಟು ಹಾಸಿ ನಿಲ್ಲಿಸಿದೆವು. ಬಿಸಿ ಎಂಜಿನಿಗೆ ಸೀಮೆಎಣ್ಣೆ ತಾಗಿಸುವುದು ಅಪಾಯ. ಈ ಕೆಲಸ ತಣ್ಣಗಿರುವಾಗ, ಬ್ಯಾಟರಿಯ ತಂತಿ ಬಿಚ್ಚಿಯೇ ಆಗಬೇಕು. ಬೆಳಿಗ್ಗೆ ಎರಡು ಜಾಗ ಒದ್ದೆಯಾಗಿದ್ದವು: ವಾಲ್ವ್ ಕವರಿನ ಹಿಂಬದಿಯ ಮೂಲೆ ಮತ್ತು ಆಯಿಲ್ ಪ್ರೆಶರ್ ಸ್ವಿಚ್ಚಿನ ಬುಡ. ಕವರಿನಿಂದ ಇಳಿದದ್ದು ಎಕ್ಸಾಸ್ಟಿನ ಮೇಲೆ ಬಿದ್ದು ಸುಡುತ್ತಿದ್ದುದರಿಂದ ನೆಲದ ಮೇಲೆ ಕಲೆಯೇ ಇರಲಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಕಾರಿನೊಳಗೆ ಬರುತ್ತಿದ್ದ ಕಮಟು ವಾಸನೆಯ ಮೂಲ ಅದೇ ಆಗಿತ್ತು.

ಸಣ್ಣ ಸೋರಿಕೆಯನ್ನು ಜನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಇಪ್ಪತ್ತು ಹನಿಗೆ ಸುಮಾರು ಒಂದು ಮಿಲಿಲೀಟರ್ ಎಂದುಕೊಂಡರೆ, ನಿಮಿಷಕ್ಕೊಂದು ಹನಿ ಗಂಟೆಗೆ ಮೂರು ಮಿಲಿಲೀಟರ್ ಆಗುತ್ತದೆ. ಊರೊಳಗಿನ ವೇಗದಲ್ಲಿ ಸಾವಿರ ಕಿಲೋಮೀಟರ್ ಓಡಲು ನಲವತ್ತು ಗಂಟೆ ಹಿಡಿಯುವುದಾದರೆ, ಹೋಗುವುದು 120 ಮಿಲಿಲೀಟರ್.

ಸೋರಿಕೆಗೆ ಗ್ಯಾಸ್ಕೆಟಿನ ವಯಸ್ಸೊಂದೇ ಕಾರಣವೇ ಎಂದು ನೋಡಲು ಪಿಸಿವಿ ವಾಲ್ವನ್ನು ಬಿಚ್ಚಿದೆವು. ಕೈಯಲ್ಲಿ ಹಿಡಿದು ಅಲುಗಾಡಿಸಿದರೆ ಒಳಗಿನ ಗುಂಡು ಕಟಕಟ ಎನ್ನಬೇಕು. ಇದು ಸದ್ದೇ ಮಾಡಲಿಲ್ಲ. ಅದರ ರಬ್ಬರ್ ಪೈಪಿನೊಳಗೆ ಕಂದು ಬಣ್ಣದ ಮೆತ್ತನೆಯ ರಾಡಿ ತುಂಬಿತ್ತು. ರಿಂಗುಗಳ ಸಂದಿಯಿಂದ ಇಳಿಯುವ ಅನಿಲ ಎಷ್ಟೇ ಹೊಸ ಎಂಜಿನಿನಲ್ಲೂ ಸ್ವಲ್ಪ ಇರುತ್ತದೆ. ಅದರ ದಾರಿ ಮುಚ್ಚಿದರೆ ಒಳಗೆ ಒತ್ತಡ ಹೆಚ್ಚಿ, ದುರ್ಬಲವಾದ ಸೀಲು ಎಲ್ಲಿದೆಯೋ ಅಲ್ಲಿಂದ ಆಯಿಲನ್ನು ಹೊರಗೆ ದಬ್ಬುತ್ತದೆ. ಆಯಿಲ್ ತುಂಬುವ ಮುಚ್ಚಳದ ಒಳಬದಿಗೆ ಮಳೆಗಾಲದಲ್ಲಿ ಕಟ್ಟುವ ಬಿಳಿ ಕೆನೆಯನ್ನು ಕಂಡು ಹೆಡ್ ಗ್ಯಾಸ್ಕೆಟ್ ಹೋಗಿದೆಯೆಂದು ಗಾಬರಿಯಾಗುವವರಿದ್ದಾರೆ. ರೇಡಿಯೇಟರಿನ ನೀರು ಕಡಿಮೆಯಾಗದೆ, ಡಿಪ್‌ಸ್ಟಿಕ್ಕಿನ ಮೇಲೆ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗದೆ ಇದ್ದರೆ, ಅದು ಸಣ್ಣ ಓಡಾಟದ ತೇವವಷ್ಟೇ.

ಹೊಸ ಪಿಸಿವಿ ವಾಲ್ವ್, ಹೊಸ ಕವರ್ ಗ್ಯಾಸ್ಕೆಟ್, ಹೊಸ ಸ್ವಿಚ್ ಹಾಕಿದ ನಂತರ ಎಂಜಿನ್ ಐಡಲಿನಲ್ಲಿ ಇರುವಾಗ ಮುಚ್ಚಳವನ್ನು ಸಡಿಲಿಸಿ ರಂಧ್ರದ ಮೇಲೆ ಹಾಗೆಯೇ ಇಟ್ಟು ನೋಡಿದೆವು. ರಿಂಗುಗಳು ಬಹಳ ಸವೆದಿದ್ದರೆ ಮುಚ್ಚಳ ಕುಣಿಯುತ್ತದೆ, ಒಳಗಿನಿಂದ ಹೊಗೆ ಬುಸುಗುಟ್ಟುತ್ತದೆ. ಇಲ್ಲಿ ಮುಚ್ಚಳ ಸಣ್ಣಗೆ ನಡುಗಿತೇ ಹೊರತು ಏಳಲಿಲ್ಲ. ಈ ಹಂತದಲ್ಲಿ ಬೇರೇನನ್ನೂ ಮುಟ್ಟದೆ ಮತ್ತೆ 1000 ಕಿಲೋಮೀಟರ್ ಅಳೆದಾಗ ಖರ್ಚು 430 ಮಿಲಿಲೀಟರಿಗೆ ಇಳಿದಿತ್ತು. ಒಂದು ರಿಪೇರಿ, ನಂತರ ಒಂದು ಅಳತೆ ಎಂಬ ಈ ಕ್ರಮಕ್ಕೆ ತಾಳ್ಮೆ ಬೇಕು. ಎಲ್ಲವನ್ನೂ ಒಟ್ಟಿಗೆ ಬದಲಿಸಿದ್ದರೆ ಯಾವುದರಿಂದ ಎಷ್ಟು ಉಳಿಯಿತೆಂಬುದು ಎಂದಿಗೂ ತಿಳಿಯುತ್ತಿರಲಿಲ್ಲ.

ಹೊಗೆ ಯಾವಾಗ ಬರುತ್ತದೆ

ಉಳಿದ 430 ಮಿಲಿಲೀಟರ್ ಸಿಲಿಂಡರಿನೊಳಗೆ ಉರಿಯುತ್ತಿದೆ ಎಂಬುದು ಖಚಿತವಾಯಿತು. ಮೇಲಿನಿಂದ ಇಳಿದು ಉರಿಯುತ್ತಿದೆಯೋ ಕೆಳಗಿನಿಂದ ಏರಿ ಉರಿಯುತ್ತಿದೆಯೋ ಎಂಬುದಕ್ಕೆ ಅತ್ಯುತ್ತಮ ಸುಳಿವು ನೀಲಿ ಹೊಗೆ ಕಾಣಿಸುವ ಸಮಯ. ಆಕ್ಸಿಲರೇಟರ್ ಬಿಟ್ಟು ಇಳಿಜಾರಿನಲ್ಲಿ ಗೇರಿನಲ್ಲೇ ಇಳಿಯುವಾಗ ಇನ್‌ಟೇಕಿನಲ್ಲಿ ನಿರ್ವಾತ ಬಹಳ ಹೆಚ್ಚಿರುತ್ತದೆ. ವಾಲ್ವ್ ಸೀಲುಗಳು ಗಟ್ಟಿಯಾಗಿದ್ದರೆ ಆಗ ವಾಲ್ವಿನ ಕಾಂಡ ಜಾರುವ ಕೊಳವೆಯಾದ ಗೈಡಿನ ಸಂದಿಯಿಂದ ಆಯಿಲ್ ಒಳಗೆಳೆಯಲ್ಪಟ್ಟು, ಮತ್ತೆ ಆಕ್ಸಿಲರೇಟರ್ ಒತ್ತಿದ ಕೂಡಲೇ ಒಂದು ದಟ್ಟ ನೀಲಿ ಉಸಿರು ಹೊರಬರುತ್ತದೆ. ರಿಂಗುಗಳು ಸವೆದಿದ್ದರೆ ಏರಿನಲ್ಲಿ, ಭಾರ ಎಳೆಯುವಾಗ, ಬಿಡದೆ ಹೊಗೆ ಬರುತ್ತದೆ.

ಧಾರವಾಡ ಎತ್ತರದಲ್ಲಿದೆ, ಹುಬ್ಬಳ್ಳಿ ತಗ್ಗಿನಲ್ಲಿದೆ. ಈ ಪರೀಕ್ಷೆಗೆ ಅವಳಿ ನಗರದ ರಸ್ತೆ ಹೇಳಿ ಮಾಡಿಸಿದಂತಿದೆ. ಬೆಳಗಿನ ಹೊತ್ತು ಕಾಕಾ ಅವರು ನವಲೂರಿನ ಇಳಿಜಾರಿನಲ್ಲಿ ಕಾರು ಇಳಿಸಿದರು, ಅವರ ಮಗಳು ಸ್ಕೂಟರಿನಲ್ಲಿ ಹಿಂದೆ ಅಂತರವಿಟ್ಟು ಬಂದಳು. ಇಳಿಜಾರು ಮುಗಿದು ಆಕ್ಸಿಲರೇಟರ್ ಒತ್ತಿದಾಗ ನೀಲಿ ಹೊಗೆ ಸ್ಪಷ್ಟವಾಗಿ ಕಂಡಿತು, ಕೆಲವೇ ಕ್ಷಣಗಳಲ್ಲಿ ಕರಗಿತು. ಮರಳುವಾಗ ಅದೇ ಏರಿನಲ್ಲಿ ಮೂರನೆಯ ಗೇರಿನಲ್ಲಿ ಎಳೆಯುವಾಗ ಏನೂ ಕಾಣಲಿಲ್ಲ. ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಚಾಲೂ ಮಾಡಿದಾಗಲೂ ಮೊದಲ ಒಂದೆರಡು ಕ್ಷಣ ನೀಲಿ ಬಣ್ಣ ಇಣುಕುತ್ತಿತ್ತು. ಡಿಸೆಂಬರಿನ ಚಳಿಯಲ್ಲಿ ಎಲ್ಲ ಗಾಡಿಗಳೂ ಬಿಡುವ ಬಿಳಿ ಆವಿಯನ್ನು ಇದರೊಂದಿಗೆ ಬೆರೆಸಬಾರದು. ಅದು ನೀರು, ಎಂಜಿನ್ ಕಾದ ಮೇಲೆ ತಾನೇ ನಿಲ್ಲುತ್ತದೆ, ಮೂಗಿಗೆ ಸುಟ್ಟ ಎಣ್ಣೆಯ ವಾಸನೆ ಬರುವುದಿಲ್ಲ.

ಇಷ್ಟೆಲ್ಲ ಆಯಿಲ್ ಉರಿಸುತ್ತಿದ್ದರೂ ಈ ಕಾರಿಗೆ ಪಿಯುಸಿ ಪ್ರಮಾಣಪತ್ರ ಪ್ರತಿ ಸಲ ಸಿಕ್ಕಿದೆ. ಅಲ್ಲಿ ಪೆಟ್ರೋಲ್ ಗಾಡಿಯ ಇಂಗಾಲದ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಪ್ರಮಾಣವನ್ನು ಐಡಲಿನಲ್ಲಿ ಅಳೆಯುತ್ತಾರೆ. ಇಳಿಜಾರಿನ ನಂತರ ಬರುವ ಒಂದು ಉಸಿರು ಆ ಯಂತ್ರದ ಕಣ್ಣಿಗೆ ಬೀಳುವುದೇ ಇಲ್ಲ. ಆದರೆ ಆಯಿಲಿನಲ್ಲಿರುವ ರಂಜಕ ಮತ್ತು ಸತುವಿನ ಅಂಶಗಳು ಉರಿದು ಕ್ಯಾಟಲಿಟಿಕ್ ಕನ್ವರ್ಟರಿನ ಮೇಲೆ ಪದರವಾಗಿ ಕೂತು ಅದನ್ನು ನಿಧಾನವಾಗಿ ಕೊಲ್ಲುತ್ತವೆ. ಆಯಿಲ್ ಸುರಿಯುತ್ತಾ ಓಡಿಸಿದರಾಯಿತು ಎನ್ನುವವರು ಈ ಖರ್ಚನ್ನೂ ಗಣನೆಗೆ ತೆಗೆದುಕೊಳ್ಳಬೇಕು.

ಪ್ಲಗ್ಗುಗಳು ಮತ್ತು ಕಂಪ್ರೆಶನ್

ಮೂರೂ ಪ್ಲಗ್ಗುಗಳನ್ನು ಬಿಚ್ಚಿ, ಸಿಲಿಂಡರಿನ ಕ್ರಮದಲ್ಲಿ ದಿನಪತ್ರಿಕೆಯ ಮೇಲೆ ಸಾಲಾಗಿ ಇಟ್ಟೆವು. ಮೊದಲೆರಡರ ಪಿಂಗಾಣಿ ತಿಳಿ ಕಂದು ಬಣ್ಣಕ್ಕಿತ್ತು. ಮೂರನೆಯದು ಬೇರೆಯೇ ಕಥೆ ಹೇಳುತ್ತಿತ್ತು: ಒಂದು ಮಗ್ಗುಲು ಶುಭ್ರ, ಇನ್ನೊಂದು ಮಗ್ಗುಲಿಗೆ ಬೂದಿಬಣ್ಣದ ಒರಟು ಹೊಟ್ಟು ಕಟ್ಟಿ, ಅದರ ಬುಡದಲ್ಲಿ ಜಿಡ್ಡು ಮಿನುಗುತ್ತಿತ್ತು. ಬಿಚ್ಚುವ ಮುನ್ನವೇ ಪ್ಲಗ್ಗಿನ ಮೇಲೆ ಗೆರೆ ಎಳೆದು ದಿಕ್ಕು ಗುರುತಿಸಿಕೊಂಡಿದ್ದರಿಂದ, ಹೊಟ್ಟು ಕಟ್ಟಿದ ಮಗ್ಗುಲು ಇನ್‌ಟೇಕ್ ವಾಲ್ವಿನ ಕಡೆಗಿತ್ತೆಂದು ತಿಳಿಯಿತು. ಕೆಳಗಿನಿಂದ ಏರಿದ ಆಯಿಲ್ ಸಾಮಾನ್ಯವಾಗಿ ಇಡೀ ಪ್ಲಗ್ಗನ್ನು ತೋಯಿಸುತ್ತದೆ. ಒಂದೇ ಮಗ್ಗುಲಿಗೆ ಕಟ್ಟಿದ ಹೊಟ್ಟು ವಾಲ್ವಿನ ಕಡೆಗೆ ಬೆರಳು ತೋರಿಸುತ್ತದೆ.

ಸಿಲಿಂಡರಿನೊಳಗೆ ಗಾಳಿ ಎಷ್ಟು ಒತ್ತಡಕ್ಕೆ ಏರುತ್ತದೆಂದು ಅಳೆಯುವ ಕಂಪ್ರೆಶನ್ ಗೇಜನ್ನು ಪರಿಚಯದ ಮಿಸ್ತ್ರಿಯೊಬ್ಬರಿಂದ ಎರವಲು ತಂದೆವು. ಎಂಜಿನನ್ನು ಕಾಯಿಸಿ, ಫ್ಯುಯೆಲ್ ಪಂಪಿನ ಫ್ಯೂಸ್ ತೆಗೆದು, ಇಗ್ನಿಷನ್ ಕಾಯಿಲಿನ ಸಂಪರ್ಕ ಕಿತ್ತು, ಮೂರೂ ಪ್ಲಗ್ಗುಗಳನ್ನು ಹೊರಗಿಟ್ಟು, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು, ಮುಳ್ಳು ಇನ್ನು ಏರುವುದಿಲ್ಲ ಎನ್ನುವವರೆಗೆ ಸೆಲ್ಫ್ ಹೊಡೆಯಬೇಕು. ಬ್ಯಾಟರಿ ಕುಸಿದಿದ್ದರೆ ಅಥವಾ ಥ್ರಾಟಲ್ ಮುಚ್ಚಿದ್ದರೆ ಒಳ್ಳೆಯ ಎಂಜಿನೂ ಸವೆದಂತೆ ಕಾಣುತ್ತದೆ. ನಮಗೆ ಸಿಕ್ಕಿದ್ದು ಚದರ ಸೆಂಟಿಮೀಟರಿಗೆ ಕ್ರಮವಾಗಿ 12.1, 12.0 ಮತ್ತು 11.3 ಕಿಲೋಗ್ರಾಂ.

ಈ ಬಗೆಯ ಸಣ್ಣ ಪೆಟ್ರೋಲ್ ಎಂಜಿನುಗಳಿಗೆ ಹೊಸದರಲ್ಲಿ 14ರ ಆಸುಪಾಸು, ಕನಿಷ್ಠ 12, ಸಿಲಿಂಡರುಗಳ ನಡುವೆ ಹೆಚ್ಚೆಂದರೆ 1ರ ಅಂತರ ಎಂಬುದು ರೂಢಿಯ ಅಳತೆ. ಹಾಗೆ ನೋಡಿದರೆ ಮೂರನೆಯ ಸಿಲಿಂಡರ್ ಅನುತ್ತೀರ್ಣ, ಉಳಿದೆರಡು ಅಂಚಿನಲ್ಲಿ. ಆದರೆ ಆ ಅಂಕಿಗಳು ಸಮುದ್ರಮಟ್ಟದ ಗಾಳಿಗೆ ಹೊಂದುವಂಥವು. ಧಾರವಾಡ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇಲ್ಲಿನ ವಾಯುಭಾರ ಅಲ್ಲಿಗಿಂತ ಶೇಕಡಾ ಎಂಟರಷ್ಟು ಕಡಿಮೆ, ಸಿಲಿಂಡರಿಗೆ ಹೋಗುವ ಗಾಳಿಯೂ ಅಷ್ಟೇ ತೆಳು, ಗೇಜಿನ ಅಂಕಿಯೂ ಅಷ್ಟೇ ಕೆಳಗೆ. ಹಾಗಾಗಿ ಕಾರವಾರದಲ್ಲಿ 12 ಎಂದಿರುವ ಕನಿಷ್ಠ ಮಿತಿಯನ್ನು ಧಾರವಾಡದಲ್ಲಿ 11 ಎಂದು ಓದಬೇಕು. ಈ ಒಂದು ಲೆಕ್ಕವನ್ನು ಮರೆತದ್ದರಿಂದ ನಮ್ಮ ಭಾಗದಲ್ಲಿ ಎಷ್ಟೋ ಎಂಜಿನುಗಳು ಅಕಾಲದಲ್ಲಿ ಬಿಚ್ಚಲ್ಪಟ್ಟಿರಬಹುದೆಂದು ನನಗೆ ಅನ್ನಿಸುತ್ತದೆ.

ನಂತರ ಪ್ರತಿ ಸಿಲಿಂಡರಿಗೆ ಒಂದು ಚಹಾ ಚಮಚದಷ್ಟು ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದೆವು. ರಿಂಗಿನ ಸಂದಿಯನ್ನು ಆಯಿಲ್ ತಾತ್ಕಾಲಿಕವಾಗಿ ಮುಚ್ಚುವುದರಿಂದ, ರಿಂಗ್ ಸವೆದ ಸಿಲಿಂಡರಿನ ಅಂಕಿ ಜಿಗಿಯುತ್ತದೆ. ದೋಷ ವಾಲ್ವಿನಲ್ಲಿದ್ದರೆ ಹೆಚ್ಚೇನೂ ಬದಲಾಗುವುದಿಲ್ಲ. ಅಂಕಿಗಳು 12.7, 12.5 ಮತ್ತು 11.9ಕ್ಕೆ ಏರಿದವು. ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಏರಿಕೆ, ಮೂರನೆಯದು ಹಿಂದೆ ಬಿದ್ದಿದ್ದ ಅಂತರ ಹಾಗೆಯೇ ಉಳಿಯಿತು. ಅಂದರೆ ರಿಂಗುಗಳು ವಯಸ್ಸಿಗೆ ತಕ್ಕಂತೆ ಸಮನಾಗಿ ಸವೆದಿವೆ, ಮೂರನೆಯದರ ಕೊರತೆ ವಾಲ್ವಿನದು. ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದಿಯಾದ ಟ್ಯಾಪೆಟ್ ಅಂತರ ನೋಡಿದಾಗ ಮೂರನೆಯ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಬಿಗಿಯಾಗಿತ್ತು. ಕೈಪಿಡಿಯ ಅಳತೆಗೆ ಸಡಿಲಿಸಿದ ಮೇಲೆ ಅಂಕಿ 11.7ಕ್ಕೆ ಬಂತು.

ರಿಂಗುಗಳ ಪೈಕಿ ಕಂಪ್ರೆಶನ್ ಪರೀಕ್ಷೆ ಅಳೆಯುವುದು ಮೇಲಿನ ಎರಡರ ಬಿಗಿಯನ್ನು ಮಾತ್ರ ಎಂಬುದನ್ನೂ ಇಲ್ಲಿ ಹೇಳಬೇಕು. ಅವುಗಳ ಕೆಳಗಿನ ಆಯಿಲ್ ರಿಂಗ್ ಇಂಗಾಲದಿಂದ ಅಂಟಿಕೊಂಡು ಕೆಲಸ ನಿಲ್ಲಿಸಿದ್ದರೂ ಗೇಜಿನ ಅಂಕಿ ಚೆನ್ನಾಗಿಯೇ ಬರಬಹುದು. ಆದ್ದರಿಂದ ನಮ್ಮ ತೀರ್ಮಾನ ಗೇಜೊಂದನ್ನೇ ನೆಚ್ಚಲಿಲ್ಲ. ಏರಿನಲ್ಲಿ ಕಾಣದ ಹೊಗೆ, ಇಳಿಜಾರಿನ ನಂತರ ಕಂಡ ಹೊಗೆ, ಪ್ಲಗ್ಗಿನ ಒಂದು ಮಗ್ಗುಲಿನ ಹೊಟ್ಟು, ಕುಣಿಯದ ಮುಚ್ಚಳ, ಇವೆಲ್ಲ ಒಂದೇ ಕಡೆಗೆ ವಾಲಿದ್ದರಿಂದ ವಾಲ್ವ್ ಸೀಲುಗಳನ್ನು ಮೊದಲು ಬದಲಿಸುವುದೆಂದು ನಿರ್ಧರಿಸಿದೆವು.

ಕೆಲಸ ಮತ್ತು ಫಲ

ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಗೇಜು ಕೊಟ್ಟ ಮಿಸ್ತ್ರಿಯವರೇ ಒಪ್ಪಿಕೊಂಡರು. ನಮ್ಮ ಅಳತೆಯ ವಹಿಯನ್ನು ಓದಿ, "ಹಿಂಗ ಬರದ ತಂದರ ನಮಗೂ ಕೆಲಸ ಹಗರ ಆಗತೈತ್ರಿ" ಎಂದರು. ಹೆಡ್ ಇಳಿಸದೆಯೇ, ಪ್ಲಗ್ಗಿನ ರಂಧ್ರದಿಂದ ಸಿಲಿಂಡರಿನೊಳಗೆ ನೈಲಾನ್ ಹಗ್ಗ ತುಂಬಿ, ಪಿಸ್ಟನ್ನನ್ನು ಮೇಲಕ್ಕೆ ತಿರುಗಿಸಿ ಹಗ್ಗದ ಗಂಟಿನಿಂದ ವಾಲ್ವುಗಳಿಗೆ ಆಸರೆ ಕೊಟ್ಟು, ಒಂದೊಂದೇ ಸ್ಪ್ರಿಂಗ್ ಬಿಚ್ಚಿ ಸೀಲು ಬದಲಿಸಿದರು. ತೆಗೆದ ಹಳೆಯ ಸೀಲುಗಳು ಒಣಗಿದ ಹುಣಸೆಹಣ್ಣಿನ ಸಿಪ್ಪೆಯಂತೆ ಬೆರಳಿಗೆ ಪುಡಿಯಾದವು. ಒಟ್ಟು ಖರ್ಚು ಮೊದಲು ಹೇಳಿದ್ದ ಮೊತ್ತದ ಹತ್ತರಲ್ಲೊಂದು ಭಾಗವನ್ನು ಸ್ವಲ್ಪ ಮೀರಿತು.

ಅದಾದ ಮೇಲಿನ 1000 ಕಿಲೋಮೀಟರಿಗೆ ಹಾಕಬೇಕಾದ ಆಯಿಲ್ 170 ಮಿಲಿಲೀಟರ್. ನವಲೂರಿನ ಇಳಿಜಾರಿನ ನಂತರ ಹೊಗೆ ಕಾಣುವುದಿಲ್ಲ. ಉಳಿದ 170 ಮಿಲಿಲೀಟರ್ ರಿಂಗುಗಳ ಸಹಜ ಸವೆತದ್ದೆಂದು ನಾನು ತಿಳಿಯುತ್ತೇನೆ. ಅದಕ್ಕಾಗಿ ಎಂಜಿನ್ ಬಿಚ್ಚುವುದರಲ್ಲಿ ಅರ್ಥವಿಲ್ಲ.

ಒಂದು ವಿಷಯ ಮಾತ್ರ ಪೂರ್ತಿ ಬಗೆಹರಿದಿಲ್ಲ. ಸೀಲು ಬದಲಿಸುವಾಗ ಮೂರನೆಯ ಸಿಲಿಂಡರಿನ ಇನ್‌ಟೇಕ್ ವಾಲ್ವನ್ನು ಅಡ್ಡಲಾಗಿ ಅಲುಗಾಡಿಸಿದಾಗ ಉಳಿದವುಗಳಿಗಿಂತ ಹೆಚ್ಚು ಆಟವಿರುವುದು ಕೈಗೆ ತಿಳಿಯಿತು. ಗೈಡ್ ಸವೆದಿದ್ದರೆ ಹೊಸ ಸೀಲು ಬೇಗ ಹಾಳಾಗುತ್ತದೆ. ಹೀಗಾಗಿ ಕಾಕಾ ಅವರು ಆಯಿಲ್ ಬದಲಿಸುವ ಪ್ರತಿ ಸಲವೂ ಮೂರನೆಯ ಪ್ಲಗ್ಗನ್ನು ಬಿಚ್ಚಿ ನೋಡಬೇಕೆಂದೂ, ಸಾವಿರ ಕಿಲೋಮೀಟರಿನ ಖರ್ಚು 400 ಮಿಲಿಲೀಟರ್ ದಾಟಿದರೆ ಅಥವಾ ಸಿಲಿಂಡರುಗಳ ನಡುವಿನ ಅಂತರ 1ನ್ನು ಮೀರಿದರೆ ಹೆಡ್ ಮಾತ್ರ ಇಳಿಸಿ ಗೈಡ್ ಹಾಕಿಸಬೇಕೆಂದೂ ವಹಿಯ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇವೆ. ಮುಂದಿನ ಕಂಪ್ರೆಶನ್ ಪರೀಕ್ಷೆ ಮಳೆಗಾಲ ಕಳೆದ ಮೇಲೆ, ಅದೇ ಗೇಜಿನಿಂದ, ಎಂಜಿನ್ ಅಷ್ಟೇ ಕಾದಿರುವಾಗ ಆಗಬೇಕು.